ಕುರ್ವೆಯ ಹಕ್ಕಿಗಳೂ ಘಟ್ಟದ ನೀರಿನ ಲೆಕ್ಕವೂ

ಉಮ್ಮಚಗಿಯ ಸುತ್ತಮುತ್ತ ಸುರಿದ ಮಳೆ ಹಳ್ಳಗಳ ಮೂಲಕ ಬೇಡ್ತಿಯನ್ನು ಸೇರುತ್ತದೆ. ಘಟ್ಟ ಇಳಿದ ಮೇಲೆ ಅದೇ ನದಿ ಗಂಗಾವಳಿಯಾಗಿ, ಅಂಕೋಲಾ ಮತ್ತು ಗೋಕರ್ಣಗಳ ನಡುವೆ ಅರಬ್ಬೀ ಸಮುದ್ರವನ್ನು ಕೂಡುತ್ತದೆ. ಹೀಗೆ ಪಶ್ಚಿಮಕ್ಕೆ ಹರಿಯುವ ನೀರು ‘ವ್ಯರ್ಥವಾಗಿ ಕಡಲ ಪಾಲಾಗುತ್ತಿದೆ’ ಎಂಬ ಮಾತು ನಮ್ಮಲ್ಲಿ ಗಾದೆಯಂತೆ ಬಳಕೆಯಲ್ಲಿದೆ. ಅರ್ಥಶಾಸ್ತ್ರ ಓದಿ, ಸೇವಾವಧಿಯುದ್ದಕ್ಕೂ ಯೋಜನಾ ಕಡತಗಳ ನಡುವೆ ಕಳೆದ ನನಗೆ ಈ ‘ವ್ಯರ್ಥ’ ಎಂಬ ಪದವೇ ಪರಿಶೀಲನೆಗೆ ಅರ್ಹವೆನಿಸುತ್ತದೆ.

ಉತ್ತರ ಕನ್ನಡದ ಅಳಿವೆಗಳಲ್ಲಿರುವ ನಡುಗಡ್ಡೆಗಳನ್ನು ಜನ ಕುರ್ವೆಗಳೆನ್ನುತ್ತಾರೆ. ಅಘನಾಶಿನಿಯ ಐಗಳಕುರ್ವೆ, ಶರಾವತಿಯ ಮಾವಿನಕುರ್ವೆ ಜನವಸತಿಯುಳ್ಳವು. ಇವುಗಳ ಅಂಚಿನಲ್ಲಿಯೂ ನಿರ್ಜನವಾದ ಸಣ್ಣ ದಿಬ್ಬಗಳಲ್ಲಿಯೂ ಕಾಂಡ್ಲಾ ಗಿಡಗಳು ಬೇರೂರುತ್ತವೆ. ಇಳಿತದ ವೇಳೆ ತೆರೆದುಕೊಳ್ಳುವ ಕೆಸರಿನಲ್ಲಿ ಏಡಿ, ಹುಳು, ಚಿಪ್ಪುಜೀವಿಗಳು ಹೇರಳ. ಗಿಡ್ಡ ಕೊಕ್ಕಿನ ಹಕ್ಕಿ ಮೇಲ್ಪದರವನ್ನು ಕೆದಕಿದರೆ ಉದ್ದ ಕೊಕ್ಕಿನದು ಆಳವನ್ನು ಶೋಧಿಸುತ್ತದೆ. ಬೆಳ್ಳಕ್ಕಿ, ಬಕಗಳು ನೀರಿನಂಚಿನಲ್ಲಿ ಕಾಯುತ್ತವೆ. ಮಿಂಚುಳ್ಳಿ, ನೀರುಕಾಗೆಗಳು ಮೀನಿಗೆ ಮುಳುಗುತ್ತವೆ. ಭರತ ಏರಿ ಕೆಸರು ಮುಚ್ಚಿದಾಗ ಕಾಂಡ್ಲಾದ ಕೊಂಬೆಗಳೇ ಆಸರೆ. ಸುತ್ತಲೂ ನೀರಿರುವುದರಿಂದ ನಾಯಿ, ನರಿಗಳ ಕಾಟ ಕಡಿಮೆ. ಚಳಿಗಾಲದಲ್ಲಿ ಉತ್ತರದ ಶೀತದೇಶಗಳಿಂದ ಬರುವ ವಲಸೆ ಹಕ್ಕಿಗಳಿಗೂ ಇಲ್ಲೇ ಅನ್ನ. ಅಂಗೈಯಗಲದ ನೆಲದಲ್ಲಿ ಇಷ್ಟು ವೈವಿಧ್ಯ ಸಾಧ್ಯವಾಗುವುದು ಹೀಗೆ.

ಈ ವ್ಯವಸ್ಥೆಯ ಬಂಡವಾಳ ಘಟ್ಟದಿಂದ ಬರುವ ಸಿಹಿನೀರು ಮತ್ತು ಹೂಳು. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು ಎಂಬ ಋತುಕ್ರಮ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಶರಾವತಿ ಸಾಕ್ಷಿ. ಲಿಂಗನಮಕ್ಕಿ ಅಣೆಕಟ್ಟಿನ ನಂತರ, ವಿದ್ಯುದುತ್ಪಾದನೆಯ ನೀರು ವರ್ಷವಿಡೀ ಹರಿದುಬಂದು ಅಲ್ಲಿನ ಅಳಿವೆಯ ಲವಣಾಂಶ ತಗ್ಗಿತು, ಚಿಪ್ಪುಜೀವಿಗಳು ಕ್ಷೀಣಿಸಿದವು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದನ್ನು ದಾಖಲಿಸಿದ್ದಾರೆ. ಅಣೆಕಟ್ಟುಗಳಿಲ್ಲದ ಅಘನಾಶಿನಿಯಲ್ಲಿ ಇಂದಿಗೂ ಚಿಪ್ಪು ಹೆಕ್ಕಿ ಬದುಕುವ ಕುಟುಂಬಗಳಿವೆ, ಗಜನಿಗಳಲ್ಲಿ ಉಪ್ಪು ಸಹಿಸುವ ಕಗ್ಗ ಭತ್ತವಿದೆ. ಅದರ 4,801 ಹೆಕ್ಟೇರ್ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ನೀರು ಹೆಚ್ಚಾದರೂ ಕೇಡು, ಕಡಿಮೆಯಾದರೂ ಕೇಡು. ನದಿಗೆ ತನ್ನದೇ ತಾಳವಿದೆ.

ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭ–ನಷ್ಟವನ್ನು 1981ರಲ್ಲಿ ಶಿರಸಿಯ ವಿಚಾರಸಂಕಿರಣವೊಂದು ಒರೆಗೆ ಹಚ್ಚಿತು. ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದು ತಜ್ಞರನ್ನು ಕರೆಸಿ ಸರಕಾರದ ಲೆಕ್ಕವನ್ನೇ ಪ್ರಶ್ನಿಸಿದ್ದು ಅಪೂರ್ವ ಸಂಗತಿ. ಅಂದಿನ ವಾದದ ಕೇಂದ್ರದಲ್ಲಿದ್ದುದು ಮುಳುಗಲಿದ್ದ ಕಾಡು, ತೋಟಗಳು. ಈಗ ಬೇಡ್ತಿ–ವರದಾ ಜೋಡಣೆಯ ಪ್ರಸ್ತಾವದ ವೇಳೆ ಆ ಲೆಕ್ಕವನ್ನು ಕಡಲಂಚಿನವರೆಗೆ ವಿಸ್ತರಿಸಬೇಕಾಗಿದೆ.

ಬಯಲುಸೀಮೆಯ ನೀರಿನ ಬವಣೆ ನಿಜವಾದದ್ದೇ; ಅದನ್ನು ಯಾರೂ ಹಗುರಾಗಿ ಕಾಣಬಾರದು. ಆದರೆ ನದಿ ತಿರುಗಿಸುವ ಯೋಜನಾ ವರದಿಯಲ್ಲಿ ಅಳಿವೆಯ ಮೀನುಗಾರಿಕೆ, ಗಜನಿ ಬೇಸಾಯ, ಕಾಂಡ್ಲಾ ಮತ್ತು ಹಕ್ಕಿಗಳ ವಾರ್ಷಿಕ ಗಣತಿ ಇವೆಲ್ಲಕ್ಕೂ ಪ್ರತ್ಯೇಕ ಅಂಕಣವಿರಲೇಬೇಕು. ಹಕ್ಕಿ ತೆರಿಗೆ ಕಟ್ಟುವುದಿಲ್ಲ, ಅರ್ಜಿಯನ್ನೂ ಗುಜರಾಯಿಸುವುದಿಲ್ಲ. ಅದರ ಪರವಾಗಿ ಲೆಕ್ಕ ಬರೆಯುವ ಹೊಣೆ ಘಟ್ಟದ ಮೇಲಿನವರಾದ ನಮ್ಮದು. ಏಕೆಂದರೆ ಅದು ನಿಂತಿರುವ ಕೆಸರು ನಮ್ಮ ಬೆಟ್ಟದ ಮಣ್ಣು.