ದನಕ್ಕೂ ಧನಕ್ಕೂ ನಡುವೆ ಒಂದು ಪಿಕ್ಸೆಲ್

ಕನ್ನಡದಲ್ಲಿ ‘ದನ’ಕ್ಕೂ ‘ಧನ’ಕ್ಕೂ ಇರೋ ವ್ಯತ್ಯಾಸ ಎಷ್ಟು ಅಂತ ಯಾವತ್ತಾದರೂ ಅಳೆದು ನೋಡಿದ್ದೀರಾ? ಅಕ್ಷರದ ಬುಡದಲ್ಲಿ ಒಂದು ಸಣ್ಣ ಸೀಳು, ಅಷ್ಟೇ. ಬ–ಭ, ಡ–ಢ ಕಥೆಯೂ ಹೆಚ್ಚು ಕಡಿಮೆ ಇದೇ. ಕಂಪ್ಯೂಟರ್ ಪರದೆ ಮೇಲೆ 12 ಪಾಯಿಂಟ್ ಗಾತ್ರದಲ್ಲಿ ಆ ಸೀಳಿಗೆ ಸಿಗೋದು ಒಂದೋ ಎರಡೋ ಚುಕ್ಕಿ. ಆ ಚುಕ್ಕಿ ಮಸುಕಾದರೆ ಧನ ಹೋಗಿ ದನ ಬಂದು ನಿಲ್ಲುತ್ತೆ. ಇಂಗ್ಲಿಷ್ ಅಕ್ಷರ ಸ್ವಲ್ಪ ಮಸುಕಾದರೂ ಹೇಗೋ ಓದಬಹುದು. ಮಹಾಪ್ರಾಣ, ಒತ್ತಕ್ಷರ, ಅರ್ಕಾವತ್ತು ಹೊತ್ತ ನಮ್ಮ ಲಿಪಿಗೆ ಆ ರಿಯಾಯಿತಿ ಇಲ್ಲ.

ವರ್ಚುವಲ್ ಮೆಷಿನ್‌ನಲ್ಲಿ ಸ್ಕ್ರೀನ್ ರೆಸಲ್ಯೂಷನ್ ಸರಿಪಡಿಸೋದು ನಮ್ಮಂಥ ಸಾಫ್ಟ್‌ವೇರ್‌ನವರಿಗೆ ಹತ್ತು ನಿಮಿಷದ ಕಿರಿಕಿರಿ. ರಟ್ಟೀಹಳ್ಳಿಯಲ್ಲಿ ನಮ್ಮ ಕಾಕಾನ ಡಿಟಿಪಿ ಅಂಗಡಿಗೆ ಅದು ಹೊಟ್ಟೆಪಾಡಿನ ಪ್ರಶ್ನೆ ಆಗಿತ್ತು. ಹೇಗೆ ಅಂತ ಹೇಳ್ತೀನಿ.

ಹಳೇ ಫೈಲು, ಹೊಸ ಲ್ಯಾಪ್‌ಟಾಪು

ರಟ್ಟೀಹಳ್ಳಿ ಮೊದಲು ಹಿರೇಕೆರೂರು ತಾಲ್ಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲ್ಲೂಕು. ಕಚೇರಿ ಬಂದ ಮೇಲೆ ಅರ್ಜಿ, ಉತಾರ, ಕರಾರುಪತ್ರ ಅಂತ ಟೈಪಿಂಗ್ ಕೆಲಸ ಜಾಸ್ತಿಯಾಗಿದೆ. ಕಾಕಾನ ಅಂಗಡಿಯಲ್ಲಿ ಇಪ್ಪತ್ತು ವರ್ಷದ ಫೈಲುಗಳಿವೆ: ಲಗ್ನಪತ್ರಿಕೆ, ಜಾತ್ರೆ ಹ್ಯಾಂಡ್‌ಬಿಲ್, ಸೊಸೈಟಿಗಳ ಪಾವತಿ ಪುಸ್ತಕ, ಶ್ರದ್ಧಾಂಜಲಿ ಕಾರ್ಡು. ಎಲ್ಲವೂ ಪೇಜ್‌ಮೇಕರ್‌ನಲ್ಲಿ, ನುಡಿ ಅಕ್ಷರಗಳಲ್ಲಿ. ಅಣ್ಣನ ಲಗ್ನಕ್ಕೆ ಪತ್ರಿಕೆ ಹೊಡೆಸಿದವರು ತಮ್ಮನ ಲಗ್ನಕ್ಕೆ ಬಂದು, ‘ಅದನ್ನ ಹೆಸರು ಬದಲಿ ಮಾಡಿ ಕೊಡ್ರಿ’ ಅಂತಾರೆ. ಅಂಗಡಿ ನಡೆಯೋದೇ ಈ ನೆನಪಿನ ಮೇಲೆ.

ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ನಮಗೆಲ್ಲ ಗೊತ್ತು. ಅದರ ಕೀಲಿಮಣೆಗೆ ಮೂಲ ಕೆ. ಪಿ. ರಾವ್ ಅವರ ವಿನ್ಯಾಸ. ಯುನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ ಫಾಂಟುಗಳಲ್ಲಿ ಒಂದು ಉಪಾಯ ಇತ್ತು: ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸೋದು. ಹಾಗಾಗಿ ಆ ಫಾಂಟ್ ಇಲ್ಲದ ಕಡೆ ಫೈಲ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗೀಚು ಕಾಣುತ್ತೆ. ಇನ್ನು ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಆಗ ವಿಂಡೋಸ್ 11ರ ಹೆಸರೂ ಹುಟ್ಟಿರಲಿಲ್ಲ. ಇವತ್ತಿನ ಲ್ಯಾಪ್‌ಟಾಪಿನಲ್ಲಿ ಅದನ್ನು ನಂಬಿ ಅಂಗಡಿ ನಡೆಸೋಕಾಗಲ್ಲ.

ಅಂಗಡಿಯ ಹಳೇ ಕಂಪ್ಯೂಟರಿನ ಮದರ್‌ಬೋರ್ಡ್ ಹೋದಾಗ ಹಾರ್ಡ್‌ಡಿಸ್ಕ್ ಪುಣ್ಯಕ್ಕೆ ಉಳಿಯಿತು. ವಿಂಡೋಸ್ ಎಕ್ಸ್‌ಪಿಯ ಸಿಡಿ, ಕೀ ಎರಡೂ ಡ್ರಾದಲ್ಲಿ ಇದ್ದವು. ಹೊಸ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಎಕ್ಸ್‌ಪಿ ಕೂರಿಸಿದೆ. ಪೇಜ್‌ಮೇಕರ್ ಬಂತು, ನುಡಿ ಬಂತು, ಫೈಲುಗಳೂ ತೆರೆದವು. ಆದರೆ ಎಕ್ಸ್‌ಪಿ ಕಂಡದ್ದು ಪರದೆಯ ನಡುವೆ ಒಂದು ಸಣ್ಣ ಚೌಕದಲ್ಲಿ. ಸುತ್ತ ಖಾಲಿ.

‘ಇದೇನೋ ತಮ್ಮಾ, ಇಷ್ಟು ದೊಡ್ಡ ಟಿವ್ಯಾಗ ಅಂಗೈಯಷ್ಟ ಕಾಣಾಕತ್ತೈತಿ?’ ಅಂದರು ಕಾಕಾ. ಅವರೇ ಯಾವುದೋ ಮೆನು ಒತ್ತಿ ಅದನ್ನು ಪರದೆ ತುಂಬಾ ಎಳೆದುಕೊಂಡರು. ಎರಡು ದಿನ ಹಾಗೇ ಕೆಲಸವೂ ನಡೆಯಿತು. ಮೂರನೇ ದಿನ ಒಂದು ಲಗ್ನಪತ್ರಿಕೆಯ ಪ್ರೂಫ್ ಓದುತ್ತಾ ಚಿಗವ್ವ ನಿಲ್ಲಿಸಿದರು. ‘ವಧು’ ಇರಬೇಕಾದಲ್ಲಿ ‘ವದು’, ‘ಸುಧಾ’ ಇರಬೇಕಾದಲ್ಲಿ ‘ಸುದಾ’. ನುಡಿಯಲ್ಲಿ ದ ಮತ್ತು ಧ ಒಂದೇ ಕೀಲಿ, ಶಿಫ್ಟ್ ಒತ್ತಿದರೆ ಧ. ಬೆರಳು ತಪ್ಪೋದು ದಿನದ ಮಾತು, ಕಣ್ಣು ಅದನ್ನು ಹಿಡಿಯುತ್ತಿತ್ತು. ಆ ಮಸುಕು ಪರದೆಯಲ್ಲಿ ಕಣ್ಣಿಗೆ ಹಿಡಿಯೋಕೆ ಏನೂ ಉಳಿದಿರಲಿಲ್ಲ. ಐನೂರು ಪತ್ರಿಕೆ ಅಚ್ಚಾದ ಮೇಲೆ ಇದು ಗೊತ್ತಾಗಿದ್ದರೆ ಕಾಗದದ ಖರ್ಚು ಹೇಗೋ ತಡೆದುಕೊಳ್ಳಬಹುದಿತ್ತು. ಸಣ್ಣ ಊರಿನಲ್ಲಿ ‘ಅವರ ಕಡೆ ಅಕ್ಷರ ತಪ್ಪು ಬರ್ತಾವ’ ಅನ್ನೋ ಮಾತು ತಡೆದುಕೊಳ್ಳೋದು ಕಷ್ಟ.

ಹೀಗ್ಯಾಕೆ ಆಗುತ್ತೆ?

ವರ್ಚುವಲ್ ಮೆಷಿನ್ ಅಂದರೆ ಮನೆಯೊಳಗೊಂದು ಬಾಡಿಗೆ ಕೋಣೆ ಅಂದುಕೊಳ್ಳಿ. ಲ್ಯಾಪ್‌ಟಾಪಿನ ಅಸಲಿ ವಿಂಡೋಸ್ ಮನೆ ಯಜಮಾನ, ಅದನ್ನು ಹೋಸ್ಟ್ ಅಂತಾರೆ. ಒಳಗಿನ ಎಕ್ಸ್‌ಪಿ ಬಾಡಿಗೆದಾರ, ಅದು ಗೆಸ್ಟ್. ತಾನು ಬಾಡಿಗೆ ಕೋಣೆಯಲ್ಲಿದ್ದೀನಿ ಅನ್ನೋದೇ ಈ ಬಾಡಿಗೆದಾರನಿಗೆ ಗೊತ್ತಿರಲ್ಲ. ನಿಮ್ಮ ನಿಜವಾದ ಪರದೆ, ನಿಜವಾದ ಗ್ರಾಫಿಕ್ಸ್ ಕಾರ್ಡ್ ಯಾವುದೂ ಅದಕ್ಕೆ ಕಾಣಲ್ಲ. ವರ್ಚುವಲ್‌ಬಾಕ್ಸ್ ತೋರಿಸೋ ಒಂದು ಕಾಲ್ಪನಿಕ ಗ್ರಾಫಿಕ್ಸ್ ಕಾರ್ಡನ್ನೇ ನಿಜ ಅಂತ ನಂಬುತ್ತೆ.

ಆ ಕಾರ್ಡಿಗೆ ಸರಿಯಾದ ಡ್ರೈವರ್ ಇಲ್ಲದಿದ್ದರೆ ಎಲ್ಲಾ ಕಾರ್ಡುಗಳಿಗೂ ಒಗ್ಗೋ ಹಳೇ ಅಳತೆಗೆ ಇಳಿಯುತ್ತೆ: 640×480, 800×600, ಹೆಚ್ಚೆಂದರೆ 1024×768 ಥರದ್ದು. ನೀವು ಹೊರಗಿನ ಕಿಟಕಿಯನ್ನು ಎಷ್ಟೇ ದೊಡ್ಡದು ಮಾಡಿದರೂ ಆ ಸುದ್ದಿ ಒಳಗೆ ಮುಟ್ಟಲ್ಲ, ಮುಟ್ಟಿಸೋರು ಇಲ್ಲ.

ಎಳೆದು ಹಿಗ್ಗಿಸಿದಾಗ ಮಸುಕಾಗೋದಕ್ಕೆ ಲೆಕ್ಕ ಸುಲಭ. 800×600 ಅಂದರೆ 4,80,000 ಚುಕ್ಕಿ. ಕಾಕಾನ ಲ್ಯಾಪ್‌ಟಾಪ್ ಪರದೆ 1920×1080, ಅಂದರೆ 20,73,600 ಚುಕ್ಕಿ. ಒಂದು ಚುಕ್ಕಿಯ ಮಾಹಿತಿಯನ್ನು ನಾಲ್ಕಕ್ಕಿಂತ ಹೆಚ್ಚು ಚುಕ್ಕಿಗಳ ಮೇಲೆ ಸವರಬೇಕು. ಜೊತೆಗೆ 800×600 ಆಕಾರ 4:3, ಲ್ಯಾಪ್‌ಟಾಪಿನದು 16:9. ಹಾಗಾಗಿ ಅಕ್ಷರ ಮಸುಕಾಗೋದಲ್ಲದೆ ಅಡ್ಡಡ್ಡ ದಪ್ಪವೂ ಆಗುತ್ತೆ.

ಸರಿಪಡಿಸೋ ಕ್ರಮ

ಸಿಕ್ಕಿದ್ದೆಲ್ಲ ಬದಲಿಸುತ್ತಾ ಹೋದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ. ಒಂದೊಂದಾಗಿ, ಈ ಕ್ರಮದಲ್ಲಿ ಮಾಡಿ.

1. ಮೊದಲು ಸ್ಕೇಲ್ಡ್ ಮೋಡ್ ಆರಿಸಿ. ಬಲಗಡೆಯ ಕಂಟ್ರೋಲ್ ಕೀಲಿಯೇ ವರ್ಚುವಲ್‌ಬಾಕ್ಸಿನ ಹೋಸ್ಟ್ ಕೀಲಿ. ಅದರ ಜೊತೆ ‘ಸಿ’ ಒತ್ತಿದರೆ ಸ್ಕೇಲ್ಡ್ ಮೋಡ್ ಆನ್, ಮತ್ತೆ ಒತ್ತಿದರೆ ಆಫ್. ಬಲಗೈಯಲ್ಲಿ ಕಾಪಿ ಮಾಡೋ ಅಭ್ಯಾಸ ಇದ್ದವರು ಗೊತ್ತಿಲ್ಲದೇ ಇದಕ್ಕೆ ಸಿಕ್ಕಿಬೀಳ್ತಾರೆ. ಈ ಮೋಡ್‌ನಲ್ಲಿ ಮೆನು ಪಟ್ಟಿಯೂ ಮಾಯ ಆಗುತ್ತೆ, ಹಾಗಾಗಿ ಹೊರಬರೋ ದಾರಿ ಕಾಣದೆ ಒದ್ದಾಡ್ತಾರೆ.

2. ಸ್ನ್ಯಾಪ್‌ಶಾಟ್ ತೆಗೆದಿಡಿ. ಏನಾದರೂ ಕೆಟ್ಟರೆ ಈಗಿನ ಸ್ಥಿತಿಗೆ ವಾಪಸ್ ಬರಬಹುದು.

3. ಗೆಸ್ಟ್ ಅಡಿಷನ್ಸ್ ಹಾಕಿ. ಮುಕ್ಕಾಲು ಪಾಲು ಕೇಸುಗಳು ಇಲ್ಲೇ ಮುಗಿಯುತ್ತವೆ. ಎಕ್ಸ್‌ಪಿ ಓಡುತ್ತಿರುವಾಗಲೇ ‘ಡಿವೈಸಸ್’ ಮೆನುವಿನಲ್ಲಿ ‘ಇನ್ಸರ್ಟ್ ಗೆಸ್ಟ್ ಅಡಿಷನ್ಸ್ ಸಿಡಿ ಇಮೇಜ್’ ಒತ್ತಿ. ಒಳಗೆ ಮೈ ಕಂಪ್ಯೂಟರ್‌ನಲ್ಲಿ ಒಂದು ಸಿಡಿ ಕಾಣುತ್ತೆ, ಅದರೊಳಗಿನ ಇನ್‌ಸ್ಟಾಲರ್ ನಡೆಸಿ, ರೀಸ್ಟಾರ್ಟ್ ಮಾಡಿ. ಹೊರಗಿನ ಸುದ್ದಿ ಒಳಗೆ ಮುಟ್ಟಿಸೋ ದೂತ ಇದೇ.

4. ಗ್ರಾಫಿಕ್ಸ್ ಕಂಟ್ರೋಲರ್ ನೋಡಿ. ವಿಎಂ ಪೂರ್ತಿ ಶಟ್‌ಡೌನ್ ಆಗಿರಬೇಕು. ‘ಸೇವ್ಡ್’ ಸ್ಥಿತಿಯಲ್ಲಿದ್ದರೆ ಈ ಆಯ್ಕೆ ಬದಲಿಸೋಕೆ ಬಿಡಲ್ಲ. ಸೆಟ್ಟಿಂಗ್ಸ್‌ನ ‘ಡಿಸ್‌ಪ್ಲೇ’ಯಲ್ಲಿ ಮೂರು ಹೆಸರು ಸಿಗುತ್ತವೆ. ಎಕ್ಸ್‌ಪಿಯಂಥ ಹಳಬರಿಗೆ ವಿಬಾಕ್ಸ್‌ವಿಜಿಎ, ವಿಂಡೋಸ್ 7 ಮತ್ತು ಆಮೇಲಿನವಕ್ಕೆ ವಿಬಾಕ್ಸ್‌ಎಸ್‌ವಿಜಿಎ, ಲಿನಕ್ಸ್‌ಗೆ ವಿಎಂಎಸ್‌ವಿಜಿಎ. ಹೆಸರುಗಳು ಅಣ್ಣತಮ್ಮಂದಿರ ಥರ ಇದ್ದರೂ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂತರೆ ಕೆಲಸ ನಿಲ್ಲುತ್ತೆ.

5. ವಿಡಿಯೊ ಮೆಮೊರಿ ಲೆಕ್ಕ ಹಾಕಿ. ಅಗಲ × ಎತ್ತರ × 4 ಬೈಟ್. 1920×1080ಕ್ಕೆ ಸುಮಾರು 8 ಎಂಬಿ ಸಾಕು. 4ಕೆ ಪರದೆಗೆ, ಅಂದರೆ 3840×2160ಕ್ಕೆ, 33 ಎಂಬಿ ಬೇಕು. 16 ಎಂಬಿ ಮಾತ್ರ ಕೊಟ್ಟಿದ್ದರೆ ದೊಡ್ಡ ಅಳತೆಗಳು ಸಿಗೋದೇ ಇಲ್ಲ. ಎರಡು ಮಾನಿಟರ್ ಇದ್ದರೆ ಲೆಕ್ಕವೂ ಎರಡರಷ್ಟು. ಇವತ್ತಿನ ಲ್ಯಾಪ್‌ಟಾಪಿಗೆ 128 ಎಂಬಿ ಏನೂ ಹೊರೆಯಲ್ಲ, ಕೊಟ್ಟುಬಿಡಿ.

6. ‘ವ್ಯೂ’ ಮೆನುವಿನಲ್ಲಿ ‘ಆಟೊ-ರಿಸೈಜ್ ಗೆಸ್ಟ್ ಡಿಸ್‌ಪ್ಲೇ’ಗೆ ಟಿಕ್ ಹಾಕಿ. ಈಗ ಕಿಟಕಿ ಎಳೆದಷ್ಟೂ ಒಳಗಿನ ಡೆಸ್ಕ್‌ಟಾಪ್ ಹಿಗ್ಗಬೇಕು. ಆ ಸಾಲು ಬೂದು ಬಣ್ಣದಲ್ಲಿದ್ದರೆ ಗೆಸ್ಟ್ ಅಡಿಷನ್ಸ್ ನಡೆಯುತ್ತಿಲ್ಲ ಅಂತ ಅರ್ಥ, ಮೂರನೇ ಹೆಜ್ಜೆಗೆ ವಾಪಸ್ ಹೋಗಿ.

ಕಾಕಾನ ಎಕ್ಸ್‌ಪಿ ಮೂರು ಮತ್ತು ನಾಲ್ಕನೇ ಹೆಜ್ಜೆಯಲ್ಲೇ ದಾರಿಗೆ ಬಂತು. 1920×1080 ಪೂರ್ತಿ ಪರದೆ, ಗಾಜಿನ ಹಾಗೆ ಸ್ಪಷ್ಟ.

ಸ್ಪಷ್ಟ ಆದರೆ ಸಾಕಾ?

‘ಮೊದಲ ಮಸುಕಿತ್ತು, ಈಗ ಇರುವಿ ಸಾಲ ಆಗೈತಲ್ಲೋ!’

ಕಾಕಾ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವರ ಹಳೇ ಮಾನಿಟರ್ 17 ಇಂಚು, 1280×1024. ಒಂದು ಇಂಚಿಗೆ ಸುಮಾರು 96 ಚುಕ್ಕಿ. ಹೊಸ ಲ್ಯಾಪ್‌ಟಾಪ್ 15.6 ಇಂಚು, 1920×1080. ಇಂಚಿಗೆ 141 ಚುಕ್ಕಿ. ಎಕ್ಸ್‌ಪಿ ಮಾತ್ರ ಇನ್ನೂ 96 ಅಂತಲೇ ಲೆಕ್ಕ ಹಾಕಿ ಬರೆಯುತ್ತೆ. ಹಾಗಾಗಿ ಪ್ರತಿ ಅಕ್ಷರವೂ ಮೂರನೇ ಒಂದು ಪಾಲು ಕುಗ್ಗುತ್ತೆ. ಮೂವತ್ತರ ನನ್ನ ಕಣ್ಣಿಗೆ ಅದು ನಡೆಯಿತು, ಐವತ್ತೆಂಟರ ಕಣ್ಣಿಗೆ ನಡೆಯಲ್ಲ.

ಇಲ್ಲಿ ಮೂರು ದಾರಿಗಳಿವೆ. ಒಂದು, ವರ್ಚುವಲ್‌ಬಾಕ್ಸಿನ ‘ಸ್ಕೇಲ್ ಫ್ಯಾಕ್ಟರ್’. 200 ಪರ್ಸೆಂಟ್ ಇಟ್ಟರೆ ಒಂದು ಚುಕ್ಕಿ ಸರಿಯಾಗಿ ನಾಲ್ಕಾಗುತ್ತೆ, ಅಂಚು ಕೆಡಲ್ಲ. ಆದರೆ ಕೆಲಸದ ಜಾಗ ಕಾಲು ಭಾಗಕ್ಕೆ ಇಳಿಯುತ್ತೆ. 125, 150 ಇಟ್ಟರೆ ಚುಕ್ಕಿಗಳು ಅರ್ಧಂಬರ್ಧ ಹಂಚಿಕೆಯಾಗಿ ಮತ್ತೆ ಧ–ದ ತೊಂದರೆ. ಎರಡು, ಎಕ್ಸ್‌ಪಿ ಒಳಗೇ ಡಿಪಿಐ 120ಕ್ಕೆ ಏರಿಸೋದು. ಮೆನು, ಐಕಾನ್ ದೊಡ್ಡವಾಗುತ್ತವೆ, ಮಸುಕಾಗಲ್ಲ. ಮೂರು, ಅಷ್ಟೇ ಚುಕ್ಕಿಗಳಿರೋ ದೊಡ್ಡ ಮಾನಿಟರ್. 24 ಇಂಚಿನ 1920×1080 ಮಾನಿಟರಿನಲ್ಲಿ ಇಂಚಿಗೆ 92 ಚುಕ್ಕಿ ಬರುತ್ತೆ. ಹಳೇ ಮಾನಿಟರಿನ 96ಕ್ಕೆ ಇದು ಹತ್ತಿರ, ಅಕ್ಷರವೂ ಹತ್ತಿರ ಹತ್ತಿರ ಅದೇ ಗಾತ್ರ.

ನಾವು ಮೂರನೇ ದಾರಿ ಹಿಡಿದೆವು. ಹಿರಿಯರಿಗೆ ಕಂಪ್ಯೂಟರ್ ಕೊಡಿಸೋ ನಮ್ಮ ವಯಸ್ಸಿನವರಿಗೆ ನನ್ನ ಮನವಿ ಒಂದೇ: ರೆಸಲ್ಯೂಷನ್ ಎಷ್ಟು ಅಂತ ಕೇಳೋದರ ಜೊತೆ, ಅದು ಎಷ್ಟು ಇಂಚಿನಲ್ಲಿ ಹರಡಿದೆ ಅಂತಲೂ ಕೇಳಿ.

ಹೊರಗಿನ ವಿಂಡೋಸ್‌ನಲ್ಲೂ ಡಿಸ್‌ಪ್ಲೇ ಸ್ಕೇಲ್ 125 ಅಂತ ಇದ್ದರೆ ಅದು ಇನ್ನೊಂದು ಪದರ. ಮಸುಕು ಎಲ್ಲಿಂದ ಬರ್ತಿದೆ ತಿಳಿಯದಿದ್ದರೆ ಒಮ್ಮೆ ಒಳಗೂ ಹೊರಗೂ ಎರಡನ್ನೂ 100ಕ್ಕೆ ತಂದು ನೋಡಿ.

ನಿಮ್ಮದು ಬೇರೆ ವಿಎಂ ಆಗಿದ್ದರೆ

ಹೆಸರು ಬೇರೆ, ತತ್ವ ಒಂದೇ. ವಿಎಂವೇರ್‌ನಲ್ಲಿ ದೂತನ ಹೆಸರು ವಿಎಂವೇರ್ ಟೂಲ್ಸ್. ಲಿನಕ್ಸ್ ಗೆಸ್ಟ್ ಆದರೆ ಓಪನ್-ವಿಎಂ-ಟೂಲ್ಸ್‌ನ ಡೆಸ್ಕ್‌ಟಾಪ್ ಪ್ಯಾಕೇಜ್. ಲಿನಕ್ಸಿನ ಕೆವಿಎಂನಲ್ಲಿ ಸ್ಪೈಸ್ ಏಜೆಂಟ್. ಹೈಪರ್-ವಿಯಲ್ಲಿ ವಿಂಡೋಸ್ ಗೆಸ್ಟ್‌ಗಳಿಗೆ ‘ಎನ್‌ಹಾನ್ಸ್‌ಡ್ ಸೆಷನ್’ ಆನ್ ಮಾಡಿದರೆ ಅಳತೆ ಕೇಳುತ್ತೆ.

ವರ್ಚುವಲ್‌ಬಾಕ್ಸಿನಲ್ಲಿ ಲಿನಕ್ಸ್ ಓಡಿಸೋರಿಗೆ ಒಂದು ಮಾತು: ನಿನ್ನೆವರೆಗೆ ಚೆನ್ನಾಗಿದ್ದ ಪರದೆ ಅಪ್‌ಡೇಟ್ ಆದ ಮೇಲೆ ಸಣ್ಣದಾದರೆ, ಹೊಸ ಕರ್ನಲ್‌ಗೆ ಗೆಸ್ಟ್ ಅಡಿಷನ್ಸ್ ಮಾಡ್ಯೂಲ್ ಮತ್ತೆ ಕಟ್ಟಬೇಕಾಗಿರುತ್ತೆ. ಕರ್ನಲ್ ಹೆಡರ್ಸ್ ಮತ್ತು ಕಂಪೈಲರ್ ಹಾಕಿ, ಅಡಿಷನ್ಸ್ ಮತ್ತೆ ಇನ್‌ಸ್ಟಾಲ್ ಮಾಡಿ. ಎಕ್ಸ್‌ರಾಂಡರ್ ಕಮಾಂಡಿನಲ್ಲಿ ಕೈಯಾರೆ ಸೇರಿಸಿದ ಅಳತೆ ರೀಸ್ಟಾರ್ಟ್ ಆದಾಗ ಅಳಿಸಿಹೋಗುತ್ತೆ. ವೇಲ್ಯಾಂಡ್ ಇದ್ದರೆ ಆ ದಾರಿಯೇ ಇಲ್ಲ.

ಬಾಗಿಲು ಮುಚ್ಚಿಡಿ, ಸಾಮಾನು ಸಾಗಿಸಿ

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ಕ್ಕೆ. ಆಮೇಲೆ ಕಂಡ ಬಿರುಕುಗಳಿಗೆ, ಅಪರೂಪದ ಒಂದೆರಡು ಸಂದರ್ಭ ಬಿಟ್ಟರೆ, ತೇಪೆ ಇಲ್ಲ. ಆದ್ದರಿಂದ ವಿಎಂ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ತೆಗೆದುಬಿಡಿ. ಫೈಲ್ ಒಳಗೆ ಹೊರಗೆ ಕಳಿಸೋಕೆ ‘ಶೇರ್ಡ್ ಫೋಲ್ಡರ್’ ಸಾಕು, ಅದು ಬರೋದೂ ಗೆಸ್ಟ್ ಅಡಿಷನ್ಸ್ ಜೊತೆಗೇ.

ಇಷ್ಟೆಲ್ಲ ಮಾಡಿದರೂ ಇದು ಶಾಶ್ವತ ಮನೆಯಲ್ಲ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರ ಮೊದಲ ಆವೃತ್ತಿಯಲ್ಲೇ. ಹಳೇ ನುಡಿ ಪಠ್ಯವನ್ನು ಯುನಿಕೋಡ್‌ಗೆ ಬದಲಿಸೋ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಆದರೆ ಫೈಲಿನ ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಅಂದುಕೊಂಡು ಕಲಸಿಬಿಡುತ್ತವೆ. ಇನಿಷಿಯಲ್, ಅಂಕಿ, ಅರ್ಕಾವತ್ತು ಇರೋ ಕಡೆ ಕಣ್ಣಿಟ್ಟು ಓದಲೇಬೇಕು. ಓದೋಕೆ ಒಳ್ಳೆ ಪರದೆ ಬೇಕು ಅನ್ನೋದು ಅದಕ್ಕೇ.

ಕಾಕಾನ ಅಂಗಡಿಯಲ್ಲಿ ಈಗ ಒಂದು ಪದ್ಧತಿ ಆಗಿದೆ. ಹಳೇ ಗಿರಾಕಿ ಬಂದು ಯಾವ ಫೈಲ್ ಕೇಳ್ತಾರೋ ಆ ಫೈಲನ್ನು ಅವತ್ತೇ ಯುನಿಕೋಡ್‌ಗೆ ಬದಲಿಸಿ, ಚಿಗವ್ವನಿಂದ ಓದಿಸಿ, ಹೊಸ ಫೋಲ್ಡರಿಗೆ ಹಾಕೋದು. ಯಾರೂ ಕೇಳದ ಫೈಲುಗಳು ಎಕ್ಸ್‌ಪಿಯಲ್ಲೇ ಇರಲಿ, ಪೆನ್‌ಡ್ರೈವ್‌ನಲ್ಲಿ ಪೂರ್ತಿ ವಿಎಂನ ಒಂದು ಪ್ರತಿ ಇದೆ. ಇಪ್ಪತ್ತು ವರ್ಷದ ಸಾಮಾನನ್ನು ಒಂದೇ ದಿನ ಹೊರೋದು ಆಗದ ಮಾತು. ನಿಮ್ಮೂರಿನ ಡಿಟಿಪಿ ಅಂಗಡಿಯಲ್ಲೂ ಇಂಥದ್ದೊಂದು ಹಳೇ ಕಂಪ್ಯೂಟರ್ ಇರುತ್ತೆ, ಅದರಲ್ಲಿ ನಿಮ್ಮ ಮನೆಯ ಲಗ್ನಪತ್ರಿಕೆಯೂ ಇರಬಹುದು. ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು, ಅದರ ಹಾರ್ಡ್‌ಡಿಸ್ಕ್ ಕೆಡೋ ಮುಂಚೆ ಒಂದು ಪ್ರತಿ ತೆಗೆದುಕೊಡಿ.