ಬೀಟಲ್ಸ್ ಇಲ್ಲದ ಲೋಕ

2019ರಲ್ಲಿ ತೆರೆಕಂಡ ಬ್ರಿಟಿಷ್ ಚಿತ್ರ 'ಯೆಸ್ಟರ್‌ಡೇ' ಒಂದು ಊಹೆಯ ಸುತ್ತ ಹೆಣೆದ ಕಥೆ. ಬೀಟಲ್ಸ್ ತಂಡ ಹುಟ್ಟಲೇ ಇಲ್ಲ, ಆದರೂ ಅವರ ಹಾಡುಗಳು ಒಬ್ಬನ ನೆನಪಿನಲ್ಲಿ ಉಳಿದಿವೆ ಎಂದುಕೊಂಡರೆ ಏನಾದೀತು? ನಿರ್ದೇಶಕ 'ಸ್ಲಂಡಾಗ್ ಮಿಲಿಯನೇರ್' ಖ್ಯಾತಿಯ ಡ್ಯಾನಿ ಬಾಯ್ಲ್. ಚಿತ್ರಕಥೆ ರಿಚರ್ಡ್ ಕರ್ಟಿಸ್ ಅವರದು.

ನಾಯಕ ಜ್ಯಾಕ್ ಮಲಿಕ್ ಇಂಗ್ಲೆಂಡಿನ ಪೂರ್ವ ಕರಾವಳಿಯ ಹುಡುಗ. ಸಗಟು ಅಂಗಡಿಯಲ್ಲಿ ದುಡಿಯುತ್ತ, ಯಾರೂ ಕಿವಿಗೊಡದ ಹಾಡುಗಳನ್ನು ಹಾಡಿಕೊಂಡಿರುವವನು. ಒಂದು ರಾತ್ರಿ ಜಗತ್ತಿನಾದ್ಯಂತ 12 ಸೆಕೆಂಡು ವಿದ್ಯುತ್ ಹೋಗುತ್ತದೆ. ಆ ಕತ್ತಲಲ್ಲಿ ಸೈಕಲ್ ಮೇಲಿದ್ದ ಜ್ಯಾಕ್‌ಗೆ ಬಸ್ಸು ಗುದ್ದುತ್ತದೆ. ಚೇತರಿಸಿಕೊಂಡ ಮೇಲೆ ಗೆಳೆಯರೆದುರು 'ಯೆಸ್ಟರ್‌ಡೇ' ಹಾಡಿದರೆ, ಅದನ್ನು ಅವನೇ ಬರೆದದ್ದೆಂದು ಅವರು ಬೆರಗಾಗುತ್ತಾರೆ. ಅಂತರ್ಜಾಲದಲ್ಲಿ ಬೀಟಲ್ಸ್ ಹುಡುಕಿದರೆ ಸಿಗುವುದು ಜೀರುಂಡೆ ಮಾತ್ರ.

ಇಲ್ಲಿಂದ ಮುಂದೆ ಚಿತ್ರದ ನಿಜವಾದ ಸ್ವಾರಸ್ಯವಿದೆ. ಹಾಡುಗಳ ಒಡೆತನ ಸುಲಭವಾಗಿ ಸಿಕ್ಕರೂ ಅವುಗಳ ಸಾಹಿತ್ಯ ಸುಲಭವಾಗಿ ನೆನಪಾಗುವುದಿಲ್ಲ. ರಾಗ ನಾಲಿಗೆಯ ಮೇಲಿದ್ದರೂ 'ಎಲಿನಾರ್ ರಿಗ್ಬಿ'ಯ ಸಾಲುಗಳು ಕೈಕೊಡುತ್ತವೆ. ಅವನ್ನು ಹುಡುಕಿಕೊಂಡು ಜ್ಯಾಕ್ ಬೀಟಲ್ಸ್ ತಂಡದ ಊರಾದ ಲಿವರ್‌ಪೂಲ್‌ಗೆ ಹೋಗುತ್ತಾನೆ, ಪೆನ್ನಿ ಲೇನ್ ಬೀದಿಯಲ್ಲಿ ಅಲೆಯುತ್ತಾನೆ. ಹಾಡಿಗೆ ಹುಟ್ಟೂರೊಂದಿದೆ, ಬೇರೆಯವರ ಬದುಕಿನಿಂದ ಬಂದದ್ದನ್ನು ಕಂಠಪಾಠದಿಂದ ತನ್ನದಾಗಿಸಿಕೊಳ್ಳಲಾಗದು ಎಂಬುದನ್ನು ಈ ದೃಶ್ಯಗಳು ಭಾಷಣವಿಲ್ಲದೆ ಹೇಳುತ್ತವೆ.

ಊಹೆಯ ತರ್ಕ ಎಲ್ಲ ಕಡೆ ಗಟ್ಟಿಯಾಗಿಲ್ಲ. ಬೀಟಲ್ಸ್ ಇಲ್ಲದಿದ್ದರೆ ಅವರ ಪ್ರಭಾವದಲ್ಲಿ ಬೆಳೆದ ಓಯಸಿಸ್ ತಂಡವೂ ಇಲ್ಲ, ಸರಿ. ಆದರೆ ಗಾಯಕ ಎಡ್ ಶೀರನ್ ಮಾತ್ರ ಈಗಿರುವಂತೆಯೇ ಇದ್ದಾರೆ, ಚಿತ್ರದಲ್ಲಿ ತಮ್ಮದೇ ಪಾತ್ರ ವಹಿಸಿದ್ದಾರೆ. ಅರವತ್ತರ ದಶಕದ ಹಾಡು ಇಂದು ಮೊದಲ ಬಾರಿ ಕೇಳಿಸಿದರೂ ಅಷ್ಟೇ ಸಂಚಲನ ಮೂಡಿಸುತ್ತದೆಯೇ? ಹೌದೆಂದೇ ಕರ್ಟಿಸ್ ನಂಬುತ್ತಾರೆ. ಕಥೆಯ ಮೂಲ ಕಲ್ಪನೆ ಜ್ಯಾಕ್ ಬಾರ್ತ್ ಅವರದು. ಅದಕ್ಕೆ ಅವರು ಮೊದಲು ಬರೆದ ಚಿತ್ರಕಥೆಯಲ್ಲಿ ಅದೇ ಹಾಡುಗಳಿದ್ದೂ ನಾಯಕ ಗೆಲ್ಲುವುದಿಲ್ಲ. ಪ್ರತಿಭೆಯಷ್ಟೇ ಸಾಲದು, ಕಾಲವೂ ಕೂಡಿಬರಬೇಕೆಂಬ ಆ ನಿಲುವು ಹೆಚ್ಚು ಕಹಿ, ಬಹುಶಃ ಹೆಚ್ಚು ನಿಜ.

ಆದರೂ ಕರ್ಟಿಸ್ ಕಥೆಗೆ ಅದರದೇ ಆದ ಘನತೆಯಿದೆ. ಬೀಟಲ್ಸ್ ಇಲ್ಲದ ಲೋಕದಲ್ಲಿ ಜಾನ್ ಲೆನನ್ ಪ್ರಸಿದ್ಧರಾಗಲಿಲ್ಲ, ಆದ್ದರಿಂದ 1980ರಲ್ಲಿ ಗುಂಡೇಟಿಗೆ ಬಲಿಯಾಗಲೂ ಇಲ್ಲ. 78ರ ಹರೆಯದ, ಕಡಲ ದಂಡೆಯಲ್ಲಿ ನೆಮ್ಮದಿಯಾಗಿರುವ ಲೆನನ್‌ರನ್ನು ಜ್ಯಾಕ್ ಭೇಟಿಯಾಗುತ್ತಾನೆ. ಆ ಪಾತ್ರ ಮಾಡಿದ ರಾಬರ್ಟ್ ಕಾರ್ಲೈಲ್ ಅವರ ಹೆಸರು ತೆರೆಯ ಮೇಲೆ ಬರುವುದಿಲ್ಲ. ಈ ಭೇಟಿಯ ನಂತರವೇ ಜ್ಯಾಕ್ ವೆಂಬ್ಲಿ ಕ್ರೀಡಾಂಗಣದಲ್ಲಿ ಸತ್ಯ ಒಪ್ಪಿಕೊಂಡು ಹಾಡುಗಳನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಡುತ್ತಾನೆ.

ಜ್ಯಾಕ್ ಆಗಿ ನಟಿಸಿರುವವರು ಗುಜರಾತಿ ಮೂಲದ ಹಿಮೇಶ್ ಪಟೇಲ್. ನಿಜಜೀವನದಲ್ಲೂ ದಂಪತಿಯಾಗಿರುವ ಸಂಜೀವ್ ಭಾಸ್ಕರ್ ಮತ್ತು ಮೀರಾ ಸ್ಯಾಲ್ ಜ್ಯಾಕ್‌ನ ತಂದೆತಾಯಿಯ ಪಾತ್ರದಲ್ಲಿದ್ದಾರೆ. ಕುಟುಂಬದ ಭಾರತೀಯ ಮೂಲವನ್ನು ಚಿತ್ರ ಸಮಸ್ಯೆಯನ್ನಾಗಿ ಮಾಡದಿರುವುದು ಮೆಚ್ಚಬೇಕಾದ ಸಂಗತಿ. ಹಾಡುಗಳನ್ನು ಪಟೇಲ್ ಚಿತ್ರೀಕರಣದ ಹೊತ್ತಿನಲ್ಲೇ ಸ್ವತಃ ಹಾಡಿದ್ದಾರೆ. ಮೂಲದ ಅನುಕರಣೆಯಾಗದ ಆ ಸಾದಾ ಕಂಠದಿಂದಾಗಿ ಹಳೆಯ ಹಾಡುಗಳು ಹೊಸದಾಗಿ ಕೇಳಿಸುತ್ತವೆ.