ಗುಡ್ಡದ ಗಾಳಿಯಿಂದ ಹೊಲದ ಪಂಪ್‌ಸೆಟ್ಟಿಗೆ

ತಾಮ್ರದ ತಂತಿಯಲ್ಲಿ ಇಲೆಕ್ಟ್ರಾನುಗಳು ಯಾವಾಗಲೂ ತುಂಬಿಕೊಂಡೇ ಇರುತ್ತವೆ. ಅವನ್ನು ಒಂದು ದಿಕ್ಕಿಗೆ ನೂಕುವುದು ವಿದ್ಯುಚ್ಚಾಲಕ ಬಲ. ಒಂದೊಂದು ಕೂಲಂಬ್ ವಿದ್ಯುದಾವೇಶಕ್ಕೆ ಎಷ್ಟು ಜೂಲ್ ಶಕ್ತಿ ಸಿಗುತ್ತದೆ ಎಂಬುದೇ ಅದರ ಅಳತೆ. ಅದನ್ನು ವೋಲ್ಟ್‌ಗಳಲ್ಲಿ ಹೇಳುತ್ತಾರೆ. ಟಾರ್ಚಿನ ಸೆಲ್ಲಿನಲ್ಲಿ ರಾಸಾಯನಿಕ ಕ್ರಿಯೆ 1.5 ವೋಲ್ಟ್ ಕೊಡುತ್ತದೆ. ಗದಗ ಜಿಲ್ಲೆಯ ರಾಜೂರ, ಗಜೇಂದ್ರಗಡ ಸೀಮೆಯ ಗುಡ್ಡಗಳ ಮೇಲಿನ ಗಾಳಿಯಂತ್ರಗಳಲ್ಲಿ ಆ ಕೆಲಸ ಮಾಡುವುದು ಚಲನೆ.

ಈ ದಾರಿಯನ್ನು 1831ರಲ್ಲಿ ಕಂಡವರು ಲಂಡನ್ನಿನ ಮೈಕೆಲ್ ಫ್ಯಾರಡೆ. ತಂತಿಯ ಸುರುಳಿಯೊಳಗೆ ಅಯಸ್ಕಾಂತ ತೂರಿಸಿದಾಗ ಸುರುಳಿಗೆ ಜೋಡಿಸಿದ ಮಾಪಕದ ಮುಳ್ಳು ಒಂದು ಕಡೆ ಹೊರಳಿತು, ಹೊರಗೆಳೆದಾಗ ಇನ್ನೊಂದು ಕಡೆ. ಒಳಗೇ ಬಿಟ್ಟರೆ ಮುಳ್ಳು ಕದಲಲಿಲ್ಲ. ಈ ಕದಲದ ಮುಳ್ಳೇ ಮುಖ್ಯ. ಅಯಸ್ಕಾಂತ ಎಷ್ಟೇ ಪ್ರಬಲವಾಗಿರಲಿ, ಕಾಂತೀಯ ಅಭಿವಾಹ, ಎಂದರೆ ಸುರುಳಿಯನ್ನು ಹಾಯುವ ಕಾಂತಕ್ಷೇತ್ರದ ಮೊತ್ತ, ಬದಲಾಗದೆ ಏನೂ ಹುಟ್ಟದು. ಬದಲಾವಣೆಯ ವೇಗ, ಸುರುಳಿಯ ಸುತ್ತು ಹೆಚ್ಚಿದಷ್ಟೂ ವೋಲ್ಟ್ ಹೆಚ್ಚು: 100 ಸುತ್ತಿನ ಸುರುಳಿಯಲ್ಲಿ 0.1 ಸೆಕೆಂಡಿನಲ್ಲಿ ಅಭಿವಾಹ 0.01 ವೆಬರ್‌ನಷ್ಟು ಬದಲಾದರೆ 10 ವೋಲ್ಟ್.

ಗಾಳಿಯಂತ್ರದ ಜನರೇಟರಿನಲ್ಲಿ ತಿರುಗುವ ಕಾಂತಕ್ಷೇತ್ರದ ಉತ್ತರ, ದಕ್ಷಿಣ ಧ್ರುವಗಳು ಸುರುಳಿಗಳನ್ನು ಸರದಿಯಂತೆ ದಾಟುತ್ತವೆ. ಆದ್ದರಿಂದ ಪ್ರವಾಹವೂ ದಿಕ್ಕು ಬದಲಿಸುತ್ತಿರುತ್ತದೆ. ಆದರೆ ಪುಕ್ಕಟೆ ಏನೂ ಬರುವುದಿಲ್ಲ. ಪ್ರೇರಿತ ಪ್ರವಾಹ ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನೇ ತಡೆಯುತ್ತದೆ ಎಂದು 1834ರಲ್ಲಿ ಭೌತವಿಜ್ಞಾನಿ ಲೆಂಜ್ ಹೇಳಿದರು. ಸುರುಳಿಯಿಂದ ಪ್ರವಾಹ ಹರಿಯತೊಡಗಿದ ಕೂಡಲೇ ರೆಕ್ಕೆಗಳ ತಿರುಗಾಟ ಭಾರವಾಗುತ್ತದೆ. ಆ ತಡೆಯನ್ನು ಮೀರಿ ತಿರುಗಿಸಲು ಗಾಳಿ ವ್ಯಯಿಸುವ ಶಕ್ತಿಯೇ ತಂತಿಗೆ ಇಳಿಯುತ್ತದೆ.

ಹೀಗೆ ಹುಟ್ಟಿದ ವಿದ್ಯುತ್ತನ್ನು ದೂರ ಸಾಗಿಸುವಾಗ ವೋಲ್ಟೇಜ್ ಏರಿಸಬೇಕು. ಅಷ್ಟೇ ವಿದ್ಯುತ್ತನ್ನು ಹತ್ತುಪಟ್ಟು ವೋಲ್ಟೇಜಿನಲ್ಲಿ ಕಳಿಸಿದರೆ ಪ್ರವಾಹ ಹತ್ತನೇ ಒಂದಕ್ಕೂ ತಂತಿಯಲ್ಲಿ ಬಿಸಿಯಾಗಿ ಪೋಲಾಗುವುದು ನೂರನೇ ಒಂದಕ್ಕೂ ಇಳಿಯುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ದಾಟಿ ಕೋಲಾರದ ಚಿನ್ನದ ಗಣಿ ಮುಟ್ಟಿದ್ದು ಈ ಉಪಾಯದಿಂದಲೇ.

ಹೊಲದ ಬದಿಯ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಏರಿಸಿದ ವೋಲ್ಟೇಜನ್ನು ಮತ್ತೆ ಇಳಿಸುತ್ತದೆ: 11,000 ವೋಲ್ಟ್ ಒಳಗೆ, 433 ವೋಲ್ಟ್ ಹೊರಗೆ. ಅದರಲ್ಲಿ ತಿರುಗುವ ಭಾಗವೊಂದೂ ಇಲ್ಲ. ಒಂದು ಸುರುಳಿಯ ಪ್ರವಾಹ ಸೆಕೆಂಡಿಗೆ 50 ಆವರ್ತನೆ ಹಾಕುವುದರಿಂದ ಕಬ್ಬಿಣದ ತಿರುಳಿನ ಅಭಿವಾಹ ಬದಲಾಗುತ್ತಲೇ ಇರುತ್ತದೆ, ಕಡಿಮೆ ಸುತ್ತಿನ ಇನ್ನೊಂದು ಸುರುಳಿಯಲ್ಲಿ ಕಡಿಮೆ ವೋಲ್ಟ್ ಹುಟ್ಟುತ್ತದೆ. ಬ್ಯಾಟರಿಯ ಏಕಮುಖ, ಸ್ಥಿರ ಪ್ರವಾಹ ಕೊಟ್ಟರೆ ಟಿ.ಸಿ. ಪಂಪ್‌ಸೆಟ್ಟನ್ನು ನಡೆಸಲಾರದು.